ದೊಡ್ಡಕ್ಕನ ಮಂಡಿನೋವು

ಆಸ್ಪತ್ರೆಗಳ, ವಸತಿಗೃಹಗಳ ಬಟ್ಟೆ ಒಗೆದುಕೊಡುವ ಆ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಅವಳೇ ಎಲ್ಲರಿಗಿಂತ ಕಿರಿಯಳು. ಈಗ ನಲವತ್ತೆಂಟು ತುಂಬಿದರೂ ಹೆಸರು ಮಾತ್ರ ಬೆಳೆದಿರಲಿಲ್ಲ. ರೋಲರ್ ಇಸ್ತ್ರಿಯ ಮುಂದೆ ನಿಂತು, ಒದ್ದೆ ಚಾದರದ ಎರಡು ತುದಿ ಹಿಡಿದು, ಸುಕ್ಕು ಬೀಳದಂತೆ ಎಳೆದು ಯಂತ್ರದ ಬಾಯಿಗೆ ಕೊಡುವುದು ಅವಳ ಕೆಲಸ. ದಿನವಿಡೀ ನಿಂತೇ ಇರಬೇಕು, ಮುಖಕ್ಕೆ ಹಬೆ ಹೊಡೆಯುತ್ತಲೇ ಇರುತ್ತದೆ.

ಆ ಹಬೆಯ ದೆಸೆಯಿಂದ, ಮೈ ತಾನಾಗಿಯೇ ಕಾವೇರುತ್ತಿದ್ದುದು ಅವಳಿಗೆ ಬೇಗ ತಿಳಿಯಲಿಲ್ಲ. ಎದೆಯಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಬೆಂಕಿ ಹತ್ತಿದಂತಾಗಿ ಬೆವರು ಇಳಿದಾಗೆಲ್ಲ ಯಂತ್ರವನ್ನೇ ಬೈದುಕೊಂಡಳು. ಒಂದು ಭಾನುವಾರ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಸೊಪ್ಪು ಬಿಡಿಸುವಾಗಲೂ ಹಾಗೇ ಆಯಿತು. ಆಗ ಬೆರಳು ಮಡಚಿ ಲೆಕ್ಕ ಹಾಕಿದಳು. ಮುಟ್ಟಾಗಿ ಮೂರು ತಿಂಗಳು ದಾಟಿತ್ತು.

ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬಸ್ ಓಡಿಸುವ ಗಂಡ ಪಕ್ಕದಲ್ಲೇ ಕೂತು ಬೂಟು ಪಾಲಿಶ್ ಮಾಡುತ್ತಿದ್ದ.

“ರೀ, ಮೂರು ತಿಂಗಳಿಂದ ನನಗೆ ಡೇಟ್ ಆಗಿಲ್ಲ.”

“ಯಾವ ಡೇಟು?” ಎಂದವನು ಹೆಂಡತಿಯ ಮುಖ ನೋಡಿ ಬ್ರಶ್ ಕೆಳಗಿಟ್ಟ. “ಅಯ್ಯೋ! ಈ ವಯಸ್ಸಲ್ಲಾ?”

“ಮೆಲ್ಲಗೆ ಮಾತಾಡ್ರೀ, ಮಗಳು ಒಳಗೆ ಓದ್ತಿದಾಳೆ. ಅವಳ ಕಾಲೇಜು ಮುಗಿಯೋ ಹೊತ್ತಿಗೆ ನಾನು ತೊಟ್ಟಿಲು ತೂಗ್ತಾ ಕೂತ್ರೆ ಮುಖ ಎಲ್ಲಿಟ್ಕೊಳ್ಳಲಿ?”

ಗಂಡ ಒಂದೇ ಕಾಲಿನ ಬೂಟು ಮಿಂಚುತ್ತಿದ್ದರೂ ಹಾಗೆಯೇ ಔಷಧಿ ಅಂಗಡಿಗೆ ಓಡಿದ. ತಂದ ಚೀಲದಲ್ಲಿ ಕೆಮ್ಮಿನ ಔಷಧಿ, ಬ್ಯಾಂಡೇಜು, ಹಲ್ಲಿನ ಪೇಸ್ಟು, ಎಲ್ಲಕ್ಕಿಂತ ಅಡಿಯಲ್ಲಿ ಪರೀಕ್ಷೆಯ ಕಿಟ್.

“ಕೆಮ್ಮು ಯಾರಿಗೆ?”

“ಯಾರಿಗೂ ಇಲ್ಲ ಕಣೇ. ಅದೊಂದನ್ನೇ ಕೇಳೋಕೆ ನಾಲಿಗೆ ಏಳಲಿಲ್ಲ.”

ಅಷ್ಟು ಗಾಬರಿಯಲ್ಲೂ ಅವಳಿಗೆ ನಗು ಬಂತು. ಬಚ್ಚಲಲ್ಲಿ ಕಿಟ್ ಹಿಡಿದು ಕಾಯುವಾಗ ಬಾಗಿಲಾಚೆಯಿಂದ ಪಿಸುಮಾತು ಕೇಳಿತು, “ಒಂದು ಗೆರೆನಾ, ಎರಡಾ?”

“ಒಂದೇ.”

ಅವನು ಬಿಟ್ಟ ಉಸಿರು ಒಳಗಿದ್ದವಳಿಗೂ ಕೇಳಿಸಿತು.

ಮಾರನೆಯ ದಿನ ರಜೆ ಹಾಕಿ ಡಾಕ್ಟರಮ್ಮನ ಹತ್ತಿರ ಹೋದಳು. ಆಕೆ ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ವಿಚಾರಿಸಿ, ಸಮಾಧಾನವಾಗಿ ಹೇಳಿದರು. “ಬಸುರಲ್ಲ, ಕಾಯಿಲೆನೂ ಅಲ್ಲಮ್ಮ. ಮುಟ್ಟು ನಿಲ್ಲೋ ಕಾಲ ಹತ್ತಿರ ಬಂದಿದೆ, ಅಷ್ಟೆ. ಮಧ್ಯೆ ಮತ್ತೆ ಬರಬಹುದು. ಒಂದು ವರ್ಷ ಪೂರ್ತಿ ಬರದಿದ್ರೆ ಆಗ ನಿಂತಿದೆ ಅನ್ನಿ. ಆಮೇಲೆ ಒಂದು ಹನಿ ಕಂಡ್ರೂ ನನ್ನ ಹತ್ತಿರ ಬರ್ಬೇಕು.”

ಅದರ ಮರುದಿನ ಲಾಂಡ್ರಿಯಲ್ಲಿ ಊಟದ ಹೊತ್ತಿಗೆ ಪುಟ್ಟಿ ಈ ಸುದ್ದಿಯನ್ನು ದೊಡ್ಡಕ್ಕನಿಗೆ ಹೇಳಿದಳು. ದೊಡ್ಡಕ್ಕ ಅಲ್ಲಿನ ಹಿರಿಯ ಕೆಲಸದವಳು. ಮೂಲೆಯ ಮೇಜಿನ ಹತ್ತಿರ ಸ್ಟೂಲಿನ ಮೇಲೆ ಕೂತು ಟವೆಲು, ದಿಂಬಿನ ಕವರು ಮಡಿಸುತ್ತಿದ್ದಳು.

“ಗೊತ್ತು ಬಿಡೇ,” ಎಂದಳು ದೊಡ್ಡಕ್ಕ, ಡಬ್ಬಿಯ ಮುಚ್ಚಳ ತೆಗೆಯುತ್ತಾ.

“ನಿಂಗ್ಹೇಗೆ ಗೊತ್ತು? ನನಗೇ ನಿನ್ನೆ ಗೊತ್ತಾಗಿದ್ದು!”

“ನನ್ನ ಮಂಡಿಗೆ ನಿನಗಿಂತ ಮೊದ್ಲೇ ಗೊತ್ತಾಯ್ತು. ಮೂರು ತಿಂಗಳಿಂದ ಹಾಯಾಗಿದೆ.”

ಪುಟ್ಟಿಗೆ ತಲೆಬುಡ ಅರ್ಥವಾಗಲಿಲ್ಲ. ದೊಡ್ಡಕ್ಕ ಬಿಡಿಸಿ ಹೇಳಲೂ ಇಲ್ಲ, ತುತ್ತು ಬಾಯಿಗಿಟ್ಟುಕೊಂಡು ನಕ್ಕಳು. ಪುಟ್ಟಿ ಮತ್ತೆ ಯಂತ್ರದ ಮುಂದೆ ನಿಂತು ನಾಲ್ಕನೆಯ ಚಾದರವನ್ನು ಎಳೆಯುವಾಗ ಒಮ್ಮೆಲೇ ಹೊಳೆಯಿತು.

ಮುಟ್ಟಿನ ಮೊದಲ ಎರಡು ದಿನ ಅವಳಿಗೆ ಸೊಂಟ ಮುರಿದುಬೀಳುವಷ್ಟು ನೋವು, ವಿಪರೀತ ಸ್ರಾವ. ಯಾರಿಗೂ ಹೇಳಿದವಳಲ್ಲ. ಆದರೆ ಅಂಥ ದಿನಗಳಲ್ಲೇ ದೊಡ್ಡಕ್ಕ ಎದ್ದು ಬಂದು, “ಕೂತೂ ಕೂತೂ ಬೆನ್ನು ಹಿಡ್ಕೊಂಡಿದೆ ಕಣೇ, ಆಚೆ ಹೋಗು, ನಾನು ಸ್ವಲ್ಪ ನಿಲ್ತೀನಿ,” ಎಂದು ಅವಳನ್ನು ಸ್ಟೂಲಿಗೆ ಅಟ್ಟುತ್ತಿದ್ದಳು. ಆ ಸ್ವಲ್ಪ ಹೊತ್ತು ಸಂಜೆಯವರೆಗೂ ಮುಗಿಯುತ್ತಿರಲಿಲ್ಲ, ಮನೆಗೆ ಹೊರಡುವಾಗ ದೊಡ್ಡಕ್ಕ ಮಂಡಿ ನೀವಿಕೊಳ್ಳುತ್ತಿದ್ದಳು. ಇವಳು ಅದನ್ನು ತನ್ನ ಅದೃಷ್ಟ ಎಂದುಕೊಂಡಿದ್ದಳು. ಹತ್ತೊಂಬತ್ತು ವರ್ಷ!

ಯಂತ್ರ ನಿಲ್ಲಿಸಿ ಮೇಜಿನ ಹತ್ತಿರ ಹೋದಳು. “ಅಕ್ಕಾ, ಯಾಕೆ ಒಂದು ಮಾತೂ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬೇಡ ಅಂತಿದ್ದೆ.”

ಪುಟ್ಟಿ ಥ್ಯಾಂಕ್ಸ್ ಎನ್ನಲು ಹೋದಳು, ಆ ಪದ ತೀರಾ ಸಣ್ಣದೆನಿಸಿ ಬಾಯಲ್ಲೇ ಉಳಿಯಿತು. ದೊಡ್ಡಕ್ಕನ ಎರಡೂ ಕೈ ಹಿಡಿದು ಅತ್ತೇಬಿಟ್ಟಳು.

“ಥೂ, ಒಗೆದಿಟ್ಟ ಟವೆಲ್ ಮೇಲೆ ಅಳ್ಬೇಡ್ವೇ! ಮತ್ತೆ ಯಾರು ಒಗೀತಾರೆ?” ಎಂದು ದೊಡ್ಡಕ್ಕ ಗದರಿದಳು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

ಡಾಕ್ಟರಮ್ಮ ಹೇಳಿದಂತೆಯೇ ಐದನೆಯ ತಿಂಗಳಲ್ಲಿ ಮುಟ್ಟು ಮತ್ತೆ ಬಂತು. ಬೆಳಗ್ಗೆ ಅವಳು ಸೊಂಟಕ್ಕೆ ಕೈ ಕೊಟ್ಟದ್ದೇ ತಡ, ದೊಡ್ಡಕ್ಕ ಸ್ಟೂಲಿನಿಂದ ಏಳಲು ಹೊರಟಳು.

“ಕೂತ್ಕೋ ಅಕ್ಕಾ,” ಎಂದು ಅವಳ ಭುಜ ಅದುಮಿ, ಪುಟ್ಟಿ ನೇರ ಸೂಪರ್‌ವೈಸರ್ ಬಳಿಗೆ ನಡೆದಳು. “ಸಾರ್, ನನಗೆ ಇವತ್ತು ಮುಟ್ಟು. ನಿಲ್ಲೋಕಾಗಲ್ಲ, ಕೂತು ಮಾಡೋ ಕೆಲಸ ಕೊಡಿ. ಅಕ್ಕನ್ನ ಮಾತ್ರ ರೋಲರ್‌ಗೆ ಹಾಕ್ಬೇಡಿ, ಅವಳ ಮಂಡಿ ಸರಿಯಿಲ್ಲ.”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ಮಾತು ಅಷ್ಟು ಸಲೀಸಾಗಿ ಬಂದಿತ್ತು. ಸೂಪರ್‌ವೈಸರ್ ಒಮ್ಮೆ ಸೂರು ನೋಡಿದ, ಒಮ್ಮೆ ತನ್ನ ಪೆನ್ನು ನೋಡಿದ. “ಆಯ್ತಮ್ಮ, ಆಯ್ತು, ಹೋಗಿ ಕೂತ್ಕೊಳ್ಳಿ,” ಎಂದು ಅಂಗಿಯ ತೋಳು ಮಡಚಿ ತಾನೇ ರೋಲರ್ ಮುಂದೆ ನಿಂತ. ಮೊದಲ ಚಾದರ ಹಾವಿನಂತೆ ಸೊಟ್ಟಗೆ ಒಳಗೆ ಹೋಯಿತು. ಹೆಂಗಸರಿಬ್ಬರೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಕೆಲಸದ ಹೊತ್ತಿನಲ್ಲಿ ಒಂದೇ ಮೇಜಿಗೆ ಕೂತದ್ದು ಅದೇ ಮೊದಲು. ಪುಟ್ಟಿ ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ ದೊಡ್ಡಕ್ಕನ ಕಾಲುಗಳನ್ನು ಅದರ ಮೇಲೆ ಚಾಚಿಸಿದಳು. ಬಿಸಿ ನೀರಿನ ಬಾಟಲಿಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

“ನಿನಗೆ ಮುಟ್ಟು ನಿಂತಾಗ ಹೇಗಿತ್ತಕ್ಕಾ?” ಎಂದು ಕೇಳಿದಳು.

ದೊಡ್ಡಕ್ಕ ಮಡಿಸುತ್ತಿದ್ದ ಟವೆಲನ್ನು ಮಡಿಲಲ್ಲಿ ಇಟ್ಟುಕೊಂಡಳು. “ಇದನ್ನ ಯಾರೂ ನನ್ನ ಕೇಳೇ ಇಲ್ಲ ಕಣೇ,” ಎಂದಳು. ಆಮೇಲೆ ಮೊದಲಿನಿಂದ ಹೇಳತೊಡಗಿದಳು. ನಿದ್ದೆಗೆಟ್ಟದ್ದು, ಸುಮ್ಮಸುಮ್ಮನೆ ಸಿಡುಕಿದ್ದು, ಒಬ್ಬಳೇ ಬಚ್ಚಲಲ್ಲಿ ಅತ್ತದ್ದು, ಎಲ್ಲವನ್ನೂ. ಪುಟ್ಟಿ ಮಡಿಸುತ್ತಾ ಮಡಿಸುತ್ತಾ ಕೇಳಿದಳು. ಊಟದ ಗಂಟೆ ಬಾರಿಸಿದರೂ ಇಬ್ಬರೂ ಏಳಲಿಲ್ಲ.