ಎರಡು ನಂಬರು ಚಿಕ್ಕವನು

ಹೊರಗೆ ಜೋಡಿ ಅಂದರೆ ಗಂಡ ಹೆಂಡಿರು. ಬೂಟಿನ ಕಾರ್ಖಾನೆಯೊಳಗೆ ಜೋಡಿ ಅಂದರೆ ಎರಡು ಬೂಟು; ಒಂದೇ ಮೇಜಿಗೆ ಕೂರುವ ಇಬ್ಬರು ಹೆಂಗಸರೂ ಜೋಡಿಯೇ. ಒಬ್ಬಳು ಎಡಗಾಲಿನದನ್ನು ಎತ್ತಿಕೊಟ್ಟರೆ ಇನ್ನೊಬ್ಬಳು ರಾಶಿಯಿಂದ ಅದೇ ನಂಬರಿನ, ಅದೇ ಬಣ್ಣದ, ಅದೇ ಹೊಲಿಗೆಯ ಬಲಗಾಲಿನದನ್ನು ಹುಡುಕಿ, ಎರಡನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಡಬ್ಬಿಗೆ ಇಳಿಸಬೇಕು. ಹನ್ನೊಂದು ವರ್ಷ ಹೀಗೆ ಎದುರುಬದುರು ಕೂತದ್ದಕ್ಕೆ ಇಬ್ಬರಿಗೂ ಎಡದವಳು, ಬಲದವಳು ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲಿ ಗಂಡನಿಗೆ ಹೇಳದ ಎಷ್ಟೋ ಮಾತನ್ನು ಎಡದವಳು ಈ ಮೇಜಿನ ಮೇಲೆ ಹರವಿಕೊಂಡಿದ್ದಳು.

ಸೋಮವಾರ ಬಲದವಳು ಮಗಳ ಮದುವೆ ಗೊತ್ತಾಯಿತೆಂದು ಹಿಗ್ಗಿ, ಹುಡುಗ ಹುಡುಗಿ ಒಟ್ಟಿಗೆ ನಿಂತ ಫೋಟೋ ತಂದಳು. "ಹೇಗಿದೆಯೇ ಜೋಡಿ?"

ಎಡದವಳ ಕೈ ತಾನಾಗಿಯೇ ಫೋಟೋವನ್ನು ಟ್ಯೂಬ್‌ಲೈಟಿಗೆ ಹಿಡಿಯಿತು. ಬಾಯಿಯೂ ತಾನಾಗಿಯೇ ತೆರೆಯಿತು.

"ಹುಡುಗ ಎರಡು ನಂಬರು ಚಿಕ್ಕೋನಾದ ಕಣೇ. ವಾಪಸ್ ರಾಶಿಗೆ ಹಾಕು."

ಅಕ್ಕಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು. ಬಲದವಳು ಫೋಟೋ ಕಿತ್ತುಕೊಂಡವಳು ಮಾತೇ ಬಿಟ್ಟಳು. ಮಾತಿಲ್ಲದೆ ಈ ಕೆಲಸ ನಡೆಯುವುದಾದರೂ ಹೇಗೆ? ಗುರುವಾರ ಅವರ ಮೇಜಿನಲ್ಲಿ ಕಪ್ಪು ಬೂಟಿನ ಜೊತೆ ಕಂದು ಬೂಟು ಡಬ್ಬಿ ಸೇರಿ, ಮೇಸ್ತ್ರಿಯ ಕೈಗೆ ಸಿಕ್ಕಿತು.

"ಊಟದ ಗಂಟೆ ಹೊಡೆಯೋದ್ರೊಳಗೆ ಸರಿಹೋಗಿ. ಇಲ್ಲಾಂದ್ರೆ ಒಬ್ಬರನ್ನ ಲೇಸ್ ಪೋಣಿಸೋ ಕಡೆ ಹಾಕ್ತೀನಿ."

ಎಡದವಳು ಲೇಸಿನ ಮೂಲೆಯತ್ತ ನೋಡಿದಳು. ಲೇಸಿನ ಕೆಲಸ ಸುಲಭವೇ. ಆದರೆ ಅಲ್ಲಿ ಎದುರಿಗಿರುವುದು ಗೋಡೆ. ಗೋಡೆಯ ಹತ್ತಿರ ಏನೆಂದು ಹೇಳಿಕೊಳ್ಳುವುದು?

"ತಪ್ಪಾಯ್ತು ಕಣೇ. ಬಾಯಿ ಜಾರ್ತು. ಅದರಲ್ಲೂ ನಾನು ಆಡೋ ಮಾತಾ ಅದು?"

"ನೀವು ದೊಡ್ಡೋರಮ್ಮ, ಏನು ಬೇಕಾದ್ರೂ ಆಡ್ತೀರ," ಎಂದು ಬಲದವಳು ಕೈಯಲ್ಲಿದ್ದ ಬೂಟಿಗೆ ಹೇಳಿದಳು.

ಎಡದವಳು ಸುತ್ತ ನೋಡಿ ದನಿ ತಗ್ಗಿಸಿದಳು. ಇಪ್ಪತ್ತಾರು ವರ್ಷ ಯಾರಿಗೂ ಬಿಟ್ಟುಕೊಡದ ಗುಟ್ಟು ಅದು. "ನಮ್ಮ ಮದುವೆ ಫೋಟೋ ಸೊಂಟದಿಂದ ಮೇಲಕ್ಕೆ ಮಾತ್ರ ಇರೋದು ಯಾಕೆ ಗೊತ್ತಾ? ಅವರು ಸ್ಟೂಲ್ ಮೇಲೆ ನಿಂತಿದ್ರು."

ಬಲದವಳ ಭುಜ ಸಣ್ಣಗೆ ಅಲುಗಿತು. "ಸ್ಟೂಲಾ?"

"ಮೂರು ಕಾಲಿಂದು. ಅದೂ ಅಲ್ಲಾಡ್ತಿತ್ತು. ಬಿದ್ದುಬಿಟ್ಟಾರು ಅಂತ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ನೋಡಿದೋರೆಲ್ಲ, ಆಹಾ ಎಷ್ಟು ಪ್ರೀತಿ ಅಂದ್ಕೊಂಡ್ರು."

ಬಲದವಳು ಮೇಜಿಗೆ ಹಣೆಯಿಟ್ಟು ನಕ್ಕಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಸ್ತ್ರಿ ಬಂದು, "ಯಾರು ಏಳ್ತೀರ?" ಎಂದ.

"ಯಾರೂ ಏಳಲ್ಲ, ಹೋಗಿ ಮೇಸ್ತ್ರೀ," ಬಲದವಳು ಕಣ್ಣೊರೆಸಿಕೊಂಡಳು. "ಇವಳ ಕಥೆ ಇನ್ನೂ ಮದುವೆ ದಿನದಲ್ಲೇ ಇದೆ."