ಯುದ್ಧವಿಮಾನಕ್ಕೆ ವಿಭೂತಿ

ಕಿಟ್‌ನಲ್ಲಿ ಬಂದಿದ್ದು ಅಂಗೈಯಗಲದ ಪ್ಲಾಸ್ಟಿಕ್ ಯುದ್ಧವಿಮಾನ. ಬಿಡಿಭಾಗಗಳನ್ನು ಒಂದೊಂದಾಗಿ ಕತ್ತರಿಸಿ, ಉಜ್ಜಿ, ಅಂಟಿಸಿ, ಡಬ್ಬಿಯ ಮೇಲಿನ ಫೋಟೋದಲ್ಲಿದ್ದ ಬೂದುಬಣ್ಣವೇ ಬರುವವರೆಗೆ ಬೆರೆಸಿ ಬಳಿದಿದ್ದೆ. ಒಣಗಲೆಂದು ಕಿಟಕಿಯಲ್ಲಿಟ್ಟು, ದೇವಲಾಪುರದಲ್ಲಿರುವ ನನ್ನ ಗೊಬ್ಬರದಂಗಡಿಯ ಪೂಜೆ ಮುಗಿಸಿ ಬರಲು ಹೋದೆ. ಅವತ್ತು ಆಯುಧಪೂಜೆ.

ಬರುವಷ್ಟರಲ್ಲಿ ಅವ್ವ ಟ್ರಾಕ್ಟರು, ಬೈಕು, ಮಿಕ್ಸಿಗಳ ಜೊತೆ ವಿಮಾನದ ಪೂಜೆಯನ್ನೂ ಮುಗಿಸಿದ್ದಳು. ಮೂತಿಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಹಸಿ ಬಣ್ಣಕ್ಕೆ ಎರಡೂ ಕಚ್ಚಿಕೊಂಡಿದ್ದವು. ಚಕ್ರಗಳ ಕೆಳಗೆ ನಿಂಬೆಹಣ್ಣು ಹಿಡಿಯದ್ದರಿಂದ ನಿಂಬೆಬೀಜ ಇಟ್ಟಿದ್ದಳು.

"ಏನವ್ವ ಇದು!" ಎಂದು ಕಿರುಚಿದೆ.

"ಗಾಡಿ ಅಂದ್ಮೇಲೆ ಪೂಜೆ ಬ್ಯಾಡ್ವೇನ್ಲಾ? ಅದೂ ಮ್ಯಾಲೆ ಆರಾಡೋ ಗಾಡಿ," ಎಂದು ನನ್ನ ಹಣೆಗೂ ಒಂದಿಷ್ಟು ಬಳಿದಳು.

ಒರೆಸಿದರೆ ಬಣ್ಣವೇ ಎದ್ದುಬರುತ್ತಿತ್ತು. ಹಲ್ಲು ಕಚ್ಚಿಕೊಂಡು ಹಾಗೆಯೇ ಮೈಸೂರಿನ ಮಾದರಿ ವಿಮಾನಗಳ ಸ್ಪರ್ಧೆಗೆ ಒಯ್ದೆ. ತೀರ್ಪುಗಾರರು ಭೂತಗನ್ನಡಿ ಹಿಡಿದು ಮೂತಿಯನ್ನು ಬಹಳ ಹೊತ್ತು ನೋಡಿದರು. ತಮ್ಮ ಪುಸ್ತಕದಲ್ಲೂ ಹುಡುಕಿದರು. ಸಿಗಲಿಲ್ಲ.

"ಇದು ಯಾರ ವಾಯುಪಡೆಯ ಗುರುತು?" ಎಂದು ಕೇಳಿದರು.

"ನಮ್ಮವ್ವಂದು ಸಾರ್," ಎಂದೆ.