ಯಾರೂ ಬಂದು ಒಯ್ಯದ ಬಟ್ಟೆಗಳು

೧

ಈ ಕಥೆಯನ್ನು ನೀಲಿ ಅಂಗಿಯಿಂದ ಶುರು ಮಾಡಲೇ, ಅದನ್ನು ಕಿಟಕಿಯಲ್ಲಿ ಕೂರಿಸಿದ ಅಕ್ಕ-ತಮ್ಮನಿಂದಲೇ? ಇದೇ ಯೋಚನೆಯಲ್ಲಿ ಸಾಕಷ್ಟು ತಲೆ ಕೆಡಿಸಿಕೊಂಡೆ. ಅಂಗಿಯಿಂದ ಶುರುವಾದ ಡ್ರಾಫ್ಟುಗಳನ್ನೆಲ್ಲ ಹರಿದು ಹಾಕಬೇಕಾಯಿತು. ಎಲ್ಲದರಲ್ಲೂ ಅದು ಮೊದಲ ಸಾಲಿಗೇ ಕೈ ಅಲ್ಲಾಡಿಸಿಬಿಡುತ್ತಿತ್ತು. ಅಷ್ಟು ಅವಸರ ಬೇಡ ಓದುಗರೇ. ಮೊದಲು ಅಂಗಡಿಯೊಳಗೆ ಬನ್ನಿ.

ಲಾಂಡ್ರಿ ಅಂಗಡಿ. ಕೌಂಟರಿನಲ್ಲಿ ಅಕ್ಕ, ಇಸ್ತ್ರಿ ಮೇಜಿನ ಮುಂದೆ ತಮ್ಮ. ಎದುರು ಸಾಲಿನಲ್ಲಿ ಹೊಸ ಲಾಂಡ್ರಿಯೊಂದು ಬಂದು, ಅದರ ಬಣ್ಣದ ಲೈಟಿನ ಬೋರ್ಡು ಇವರ ಗಿರಾಕಿಗಳನ್ನೆಲ್ಲ ಎಳೆದುಕೊಂಡಿತ್ತು. ಅಂಥ ಬೋರ್ಡು ಹಾಕಿಸುವ ತಾಕತ್ತು ಇವರಿಗಿರಲಿಲ್ಲ.

"ಇರೋದ್ರಲ್ಲೇ ಏನಾದ್ರೂ ಮಾಡೋಣ ಅಕ್ಕ," ಎಂದ ತಮ್ಮ. "ಕಿಟಕಿ ಇದೆ, ಹ್ಯಾಂಗರ್ ಇದೆ. ಒಳಗೆ ಆ ರಾಶಿ ಬೇರೆ ಬಿದ್ದಿದೆ."

ರಾಶಿ ಎಂದರೆ ಒಗೆಯಲು ಕೊಟ್ಟವರು ಮರೆತೋ ಬಿಟ್ಟೋ ಹೋದ ಬಟ್ಟೆಗಳು.

"ಬೇರೆಯವರ ಬಟ್ಟೆ ಕಣೋ."

"ಬೇರೆಯವರಿಗೆ ಬೇಡವಾದ ಬಟ್ಟೆ."

ಬಟ್ಟೆಗಳೊಳಗೆ ರದ್ದಿ ಕಾಗದ ತುಂಬಿಸಿ ಕಿಟಕಿಯಲ್ಲಿ ಒಂದು ಸಂಸಾರವನ್ನೇ ಕೂರಿಸಿದರು. ನೀಲಿ ಅಂಗಿಯ ಅಪ್ಪ, ಹಳದಿ ಸ್ವೆಟರಿನ ಅಮ್ಮ, ಚುಕ್ಕಿ ಫ್ರಾಕಿನ ಮಗಳು, ಮೇಜಿನ ಮೇಲೆ ಟೀ ಕಪ್ಪುಗಳು. ತಲೆ ಇರಬೇಕಾದಲ್ಲಿ ಹ್ಯಾಂಗರಿನ ಕೊಕ್ಕೆ. ಕೆಳಗೆ ಹಳೇ ರಟ್ಟಿನ ಮೇಲೆ, 'ನಿಮಗಾಗಿ ಕಾಯುತ್ತಿದ್ದೇವೆ.'

ಜನ ನಿಂತರು, ಫೋಟೋ ತೆಗೆದರು. ತಮ್ಮ ದಿನಕ್ಕೊಂದು ಸೀನ್ ಮಾಡತೊಡಗಿದ. ಒಂದು ದಿನ ಇಸ್ಪೀಟಾಟ, ಒಂದು ದಿನ ಮಗಳಿಗೆ ಜ್ವರ, ಇನ್ನೊಂದು ದಿನ ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಕೂತದ್ದು. (ಮುಖವೇ ಇಲ್ಲದವರು ಅದನ್ನು ತಿರುಗಿಸುವುದು ಹೇಗೆ ಎನ್ನಬೇಡಿ. ಭುಜದಲ್ಲಿ ಗೊತ್ತಾಗುತ್ತದೆ.) ಮುಂದೇನಾಯಿತೆಂದು ನೋಡಲು ಬಂದವರು ಜೊತೆಗೊಂದು ಬಟ್ಟೆಗಂಟನ್ನೂ ತಂದರು.

೨

ಇಲ್ಲಿ ನಾನು ಅಂಗಿಯ ಕೈ ಅಲ್ಲಾಡಿಸಲು ಹೊರಟೆ. ಅಕ್ಕ ತಡೆದಳು.

"ನೋಡಿ ಇವ್ರೇ, ನನ್ನ ಅಂಗಡಿಗೆ ದೆವ್ವ ಗಿವ್ವ ತರಬೇಡಿ. ಈಗಷ್ಟೇ ನಾಲ್ಕು ಜನ ಒಳಗೆ ಕಾಲಿಡ್ತಿದ್ದಾರೆ."

"ಕಥೆಗೆ ಬೇಕಲ್ಲಮ್ಮ."

"ನಿಮ್ಮ ಕಥೆ ಓಡದಿದ್ರೆ ಇನ್ನೊಂದು ಬರೀತೀರಿ. ನನ್ನ ಅಂಗಡಿ ಓಡದಿದ್ರೆ?"

ಅಲ್ಲಿಗೇ ದೆವ್ವದ ಮೇಲೆ ಗೆರೆ ಎಳೆದೆ.

೩

ಒಂದು ಮಧ್ಯಾಹ್ನ, ಪಕ್ಕದ ಬೀದಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಒಳಗೆ ಬಂದಳು.

"ಆ ನೀಲಿ ಅಂಗಿ ನಮ್ಮನೆಯವರದು."

ಅಕ್ಕ ಕಿಟಕಿಯತ್ತ ಧಾವಿಸಿದಳು. "ತಪ್ಪಾಯ್ತಮ್ಮ. ಈಗ್ಲೇ ತೆಗೆದು ಕೊಡ್ತೀನಿ."

"ಬೇಡ, ಬೇಡ! ಅಂಗಿ ಒಗೆಯೋಕೆ ಕೊಟ್ಟು ಬರ್ತೀನಿ ಅಂತ ಹೋದವರು, ಹಾಗೇ ಹೋಗ್ಬಿಟ್ರು, ವಾಪಸ್ ಬರ್ಲೇ ಇಲ್ಲ. ಮನೇಲಿ ಒಂದಿನಾನೂ ನೆಮ್ಮದಿಯಾಗಿ ಕೂತು ಟೀ ಕುಡಿದವರಲ್ಲ. ಇಲ್ಲೇ ಇರ್ಲಿ." ಕಿಟಕಿಯ ಕಡೆ ನೋಡುತ್ತಾ ದನಿ ತಗ್ಗಿಸಿದಳು. "ಆದ್ರೆ ಅವರದು ಎಡಗೈ. ಕಪ್ಪನ್ನ ಆ ಕಡೆ ಇಡ್ತೀರಾ?"

ತಮ್ಮ ಕಪ್ಪನ್ನು ಎಡದ ತೋಳಿಗೆ ಬದಲಾಯಿಸಿದ. ಮರುದಿನ ಮತ್ತೆ ಬಂದಳು. "ಬೆನ್ನು ಇಷ್ಟು ನೆಟ್ಟಗಿರ್ಲಿಲ್ಲ." ಆಮೇಲೆ, "ಮೇಲಿನ ಗುಂಡಿ ಹಾಕ್ತಿರ್ಲಿಲ್ಲ." ತಮ್ಮ ಗುಂಡುಸೂಜಿಗಳಿಂದ ಅಲ್ಲಿಷ್ಟು ಹಿಡಿದ, ಇಲ್ಲಿಷ್ಟು ಬಿಟ್ಟ. ಕಿಟಕಿಯ ಮುಂದೆ ಗುಂಪು ದೊಡ್ಡದಾಯಿತು. ಆದರೆ ತಮ್ಮ, ಅಂಗಿ ತನ್ನ ಬೆನ್ನ ಹಿಂದೆ ಇರಕೂಡದೆಂದು ಇಸ್ತ್ರಿ ಮೇಜನ್ನೇ ತಿರುಗಿಸಿ ಹಾಕಿಕೊಂಡ.

"ಅಕ್ಕ, ಮೊದ್ಲು ಅದು ಯಾರೂ ಆಗಿರ್ಲಿಲ್ಲ. ಈಗ ಯಾರೋ ಆಗ್ಬಿಟ್ಟಿದೆ."

"ಗಿರಾಕಿ ಬರ್ತಿದ್ದಾರಲ್ಲ, ಸುಮ್ನಿರು."

೪

ಒಂದು ಬೆಳಿಗ್ಗೆ ನೀಲಿ ಅಂಗಿ ಟೀ ಮೇಜಿಗೆ ಬೆನ್ನು ಹಾಕಿ, ಬಾಗಿಲ ಕಡೆ ತಿರುಗಿ ಕೂತಿತ್ತು.

ಅದನ್ನು ಕಂಡು ಆ ಹೆಂಗಸು ಹೊಸ್ತಿಲಲ್ಲೇ ನಿಂತುಬಿಟ್ಟಳು. "ಹೋಗೋ ದಿನ ಹೀಗೇ ಕೂತಿದ್ರು. ನಿಮಗ್ಯಾರು ಹೇಳಿದ್ರು?"

ಅಕ್ಕ ತಮ್ಮನನ್ನು ನೋಡಿದಳು. "ನೀನಲ್ವಾ?"

"ನೀನು ಅಂದ್ಕೊಂಡೆ."

ಆಮೇಲೆ ಇಬ್ಬರೂ ನನ್ನತ್ತ ತಿರುಗಿದರು.

(ಆಣೆಯಿಟ್ಟು ಹೇಳುತ್ತೇನೆ, ನಾನಲ್ಲ. ಬೇಕಾದರೆ ಮೇಲೆ ಓದಿ ನೋಡಿ. 'ತಿರುಗಿ ಕೂತಿತ್ತು' ಎಂದು ಬರೆದವನು ನಾನೇ. ತಿರುಗಿಸಿದವನು ಮಾತ್ರ ನಾನಲ್ಲ.)

ಸಂಜೆ ಆ ಹೆಂಗಸು ತನ್ನದೇ ಒಂದು ಕಂದು ಸ್ವೆಟರನ್ನು ಕೌಂಟರಿನ ಮೇಲಿಟ್ಟಳು. "ಇದನ್ನ ಒಗೆಯೋಕೆ ಹಾಕ್ಕೊಳ್ಳಿ."

"ತಗೊಳ್ಳೋಕೆ ಯಾವಾಗ ಬರ್ತೀರಮ್ಮ?"

"ಬರ್ತೀನಿ," ಎಂದಳು. ಹೊರಟು ಹೋಗುವವರೂ ನಮ್ಮ ಭಾಷೆಯಲ್ಲಿ ಹೇಳುವುದು ಅದನ್ನೇ.

೫

ಅವಳು ಬರಲಿಲ್ಲ.

ಅಷ್ಟರಲ್ಲಿ ಅಕ್ಕ ಕಿಟಕಿಯ ಒಳಬದಿಗೆ ಪರದೆ ಎಳೆದಿದ್ದಳು. ಬೀದಿಯವರಿಗೆ ಸಂಸಾರ ಕಾಣುತ್ತಿತ್ತು, ಅಂಗಡಿಯವರಿಗೆ ಕಾಣುತ್ತಿರಲಿಲ್ಲ. ಇಬ್ಬರೂ ಹಿಂಬಾಗಿಲಿನಿಂದಲೇ ಓಡಾಡುತ್ತಿದ್ದರು. ತಮ್ಮ ಕಿಟಕಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೂ ಬಟ್ಟೆ ಹಾಕಲು ಬಂದವರು ಅವನ ಬೆನ್ನು ತಟ್ಟಿ, "ನಿನ್ನೆಗಿಂತ ಇವತ್ತಿನ ಸೀನ್ ಚೆನ್ನಾಗಿದೆ ಕಣಯ್ಯ," ಎನ್ನುತ್ತಿದ್ದರು.

ಕೊನೆಗೊಂದು ದಿನ ಅವನು ಕಂದು ಸ್ವೆಟರನ್ನು ತೋರಿಸಿ ಕೇಳಿದ, "ಇದನ್ನೂ ಕೂರಿಸು ಅಂತೀಯಾ?"

"ಬಾಯ್ಮುಚ್ಚು! ಇದು ಅವಳದು. ಅವಳ ಕೈಗೇ ಕೊಟ್ಟು ಬರ್ತೀನಿ."

ಅವಳು ಕೆಲಸಕ್ಕೂ ಬಂದಿಲ್ಲವೆಂದು ಹೇಳಿ ಔಷಧಿ ಅಂಗಡಿಯವರು ಮನೆಯ ದಾರಿ ತೋರಿಸಿದರು. ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದಳು.

"ಗಂಡ ಹೆಂಡತಿ ಮೊನ್ನೆ ಒಟ್ಟಿಗೇ ಹೊರಟ್ರಲ್ಲಮ್ಮ. ಅವಳು ಅಷ್ಟು ನಗೋದನ್ನ ನಾನು ನೋಡೇ ಇರ್ಲಿಲ್ಲ."

ಅಕ್ಕನ ತುಟಿ ಅಲುಗಿತು. ನಾನು ಹಿಂದಿನಿಂದ ಪಿಸುಗುಟ್ಟಿದೆ. "ಅಜ್ಜಿಯನ್ನ ಕೇಳಿ ಅಮ್ಮ, ಗಂಡ ಯಾವ ಅಂಗಿ ಹಾಕಿದ್ದ ಅಂತ."

"ಕೇಳಲ್ಲ."

"ಓದುಗರು ನನ್ನನ್ನ ಬಿಡಲ್ಲ."

"ಅವರೇ ಬಂದು ಕೇಳ್ಕೊಳ್ಳಲಿ."

೬

ಅಕ್ಕ ಮರಳಿದಾಗ ಕಿಟಕಿಯ ಮುಂದೆ ಗುಂಪು ಕಿಕ್ಕಿರಿದಿತ್ತು. ಕಾಣುತ್ತಿದ್ದದ್ದು ಬರೀ ಬೆನ್ನುಗಳು. ಯಾರೂ ಫೋಟೋ ತೆಗೆಯುತ್ತಿರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ.

ನನ್ನ ಹತ್ತಿರ ಮುಕ್ತಾಯಗಳು ರೆಡಿ ಇದ್ದವು. ಒಂದರಲ್ಲಿ ನೀಲಿ ಅಂಗಿಯ ಕುರ್ಚಿ ಖಾಲಿ. ಒಂದರಲ್ಲಿ ಅಂಗಿ ಅಲ್ಲೇ ಇದೆ, ಅಜ್ಜಿಗೆ ಕಣ್ಣು ಮಂಜು. ಇನ್ನೊಂದರಲ್ಲಿ ಮೇಜಿನ ಸುತ್ತ ಈಗ ನಾಲ್ವರು. ಮೂರನ್ನೂ ಅಕ್ಕನ ಮುಂದೆ ಹಿಡಿದೆ. ಅವಳು ಯಾವುದನ್ನೂ ಮುಟ್ಟಲಿಲ್ಲ.

ಗುಂಪಿನ ತುದಿಯಲ್ಲಿದ್ದವನೊಬ್ಬ ಅವಳನ್ನು ಕಂಡು ಪಕ್ಕಕ್ಕೆ ಸರಿದ. "ನೋಡ್ತೀರಾ ಅಮ್ಮ? ಜಾಗ ಬಿಡ್ಲಾ?"

ಅಕ್ಕ ಸ್ವೆಟರನ್ನು ಎದೆಗೆ ಒತ್ತಿಕೊಂಡಳು. "ಬೇಡಪ್ಪ, ನೀವೇ ನೋಡಿ," ಎಂದು ಹಿಂಬಾಗಿಲ ಕಡೆ ನಡೆದುಬಿಟ್ಟಳು.

ನಾನು ಗುಂಪಿನ ಹಿಂದೆ ತುದಿಗಾಲಲ್ಲಿ ನಿಂತೆ. ನನ್ನ ಎತ್ತರ ಸಾಲಲಿಲ್ಲ.